ಹೊಳಿಯಪ್ಪನ ಟ್ರಂಕಿನ ಚೀಟಿಗಳು

ನನ್ನ ಹೆಸರು ಗೋವಿಂದರಾಜ. ಕೊಪ್ಪಳದ ಒಂದು ಹೈಸ್ಕೂಲಿನ್ಯಾಗ ಇಪ್ಪತ್ತೆಂಟು ವರ್ಷ ಪೀಟಿ ಮಾಸ್ತರಕಿ ಮಾಡೀನಿ. ನನ್ನ ಬಗ್ಗೆ ಛಲೋ ಮಾತು ಬೇಕಂದ್ರ ನನ್ನ ಕಡೆ ಕಲತವರನ್ನ ಕೇಳ್ರಿ, ಅದನ್ನ ಹೇಳಾಕ ನಾ ಇಲ್ಲಿ ಕುಂತಿಲ್ಲ. ಇದು ಹೊಳಿಯಪ್ಪನ ಕತಿ. ಅವನ ಕತಿ ಬಿಚ್ಚಿದ್ರ ನನ್ನ ಹಲ್ಕಟ್ ಬುದ್ಧಿನೂ ಹೊರಗ ಬೀಳತೈತಿ. ಬೀಳಲಿ. ಅರವತ್ತೆರಡು ದಾಟ್ಯಾವ ನನಗ, ಇನ್ನ ಯಾರಿಗೆ ಅಂಜಲಿ.

ಹೊಳಿಯಪ್ಪ ಅಂದ್ರ ಸುಣ್ಣದ ಹೊಳಿಯಪ್ಪ. ಆಟದ ಮೈದಾನಕ್ಕ ಗೆರಿ ಹಾಕಾಂವ. ದಿನಗೂಲಿ. ಹಗ್ಗ ಹಿಡಿದು ಗೆರಿ ಎಳದ ಅಂದ್ರ ಒಂದು ಬೆರಳು ಆಕಡೆ ಇಲ್ಲ, ಈಕಡೆ ಇಲ್ಲ. ಆಟ ಇಲ್ಲದ ದಿನ ಮನಿಗಳಿಗೆ ಸುಣ್ಣ ಹಚ್ಚಾಕ ಹೋಗ್ತಿದ್ದ. ಹೆಂಡತಿ ಫಕೀರಮ್ಮ, ಕೂಲಿಗೆ ಹೋಗಾಕಿ. ಮಕ್ಕಳಿಲ್ಲ. ಅವನ ಕೈ ಬೆರಳಿನ ಸಂದ್ಯಾಗ ಯಾವಾಗಲೂ ಸುಣ್ಣ ತಿಂದ ಗಾಯ ಇರ್ತಿದ್ವು, ಅದಕ್ಕ ಅಂವ ಯಾರಿಗೂ ಕೈ ಚಾಚಿ ಮಾತಾಡ್ತಿದ್ದಿಲ್ಲ, ಕೈ ಹಿಂದ ಕಟ್ಟಿಕೊಂಡ ನಿಲ್ಲತಿದ್ದ.

ಅವನ ಹುಚ್ಚು ಶುರು ಆದದ್ದು ತೊಂಬತ್ತೆಂಟರ ಏಪ್ರಿಲಿನ್ಯಾಗ. ನಮ್ಮ ಕೊಪ್ಪಳ ರಾಯಚೂರು ಜಿಲ್ಲಾದಿಂದ ಬ್ಯಾರೆ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲಾದ ಬಾಸ್ಕೆಟ್‌ಬಾಲ್ ತಂಡ ಕಟ್ಟಿದಾಂವ ನಾನು. ಗಂಗಾವತಿಯಿಂದ ನಾಕು ಮಂದಿ, ನೆಲ್ಲು ಬೆಳಿಯೋರ ಮಕ್ಕಳು, ಮೈಕೈ ತುಂಬಿದವರು. ಕುಷ್ಟಗಿ, ಯಲಬುರ್ಗಾ ಕಡೆಯವರು ಬರೇ ಎಲುಬು. ಅದರಾಗ ಏಳನೇ ನಂಬರಿನಾಂವ ಬೇವೂರಿನ ಪ್ರವೀಣಕುಮಾರ. ಸಜ್ಜಿ ಹೊಲದಾಗ ಓಡಿ ಬೆಳದಾಂವ. ಕೊಪ್ಪಳದ ಸಿಮೆಂಟಿನ ಅಂಗಳದಾಗ ಮಧ್ಯಾಹ್ನ ರಾಯಚೂರಿನವರ ಜೋಡಿ ಫೈನಲ್. ಪಾಲು ತಗೊಂಡ ತಮ್ಮ ಅಣ್ಣನ ಮ್ಯಾಲೆ ತೊಡಿ ತಟ್ಟಿದಂಗ ಆಗಿತ್ತು. ಬಿಸಲು ಅಂದ್ರ ಬಿಸಲು. ಹೊಳಿಯಪ್ಪ ಕೊಡ ಹಿಡಕೊಂಡು ಗೆರಿ ಹೊರಗ ಓಡಾಡಿ ಆಟಗಾರರಿಗೆ ನೀರು ಹಾಕ್ತಿದ್ದ.

ಕಡೀ ಗಳಿಗ್ಯಾಗ ನಾವು ಒಂದು ಪಾಯಿಂಟ್ ಹಿಂದ ಇದ್ವಿ. ಚೆಂಡು ಅಂಗಳದ ಹೊರಗ ಕೆಂಪು ಮಣ್ಣಿನ್ಯಾಗ ಉಳ್ಳಿ ಬಂದಿತ್ತು. ನಮ್ಮವರು ಅದನ್ನ ಒಳಗ ಒಗದ್ರು, ಪ್ರವೀಣಕುಮಾರ ಹಿಡದು ನಡು ಅಂಗಳದಿಂದ ಎಸದ. ಚೆಂಡು ಸಾಗವಾನಿ ಬೋರ್ಡಿಗೆ ಬಡದು, ರಿಂಗಿನ ಮ್ಯಾಲೆ ಎರಡು ಸುತ್ತು ತಿರಗಿ ಒಳಗ ಬಿತ್ತು. ಮೂರು ಪಾಯಿಂಟ್. ನಮಗ ಐವತ್ತೆರಡು, ಅವರಿಗೆ ಐವತ್ತು. ಮಂದಿ ಪ್ರವೀಣಕುಮಾರನ್ನ ಹೆಗಲ ಮ್ಯಾಲೆ ಹೊತ್ತು ಕುಣಿಯಾಕ ಹತ್ತಿತು. ಹೊಳಿಯಪ್ಪ ಮಾತ್ರ ಬೋರ್ಡಿನ ಕೆಳಗ ನಿಂತು ಮ್ಯಾಲೆ ನೋಡ್ತಿದ್ದ.

‘ಏನ ನೋಡಾಕತ್ತಿಯೋ?’ ಅಂದೆ.

‘ಸರ್ರ, ಚೆಂಡು ಬಡದ ಗುರ್ತು ಉಳದೈತ್ರಿ.’

ಖರೇನ ಉಳದಿತ್ತು. ಬಿಳಿ ಬಣ್ಣದ ಮ್ಯಾಲೆ ಕೆಂಪು ಮಣ್ಣಿನ ದುಂಡನೆ ಗುರ್ತು, ರೊಟ್ಟಿಯಷ್ಟು ಅಗಲ. ಸಂಜಿಕ ಯಾರಿಗೂ ಹೇಳದ ಏಣಿ ಹಚ್ಚಿ ಅದರ ಮ್ಯಾಲೆ ವಾರ್ನಿಷ್ ಬಳದ. ಆರು ವರ್ಷ ಆದ ಮ್ಯಾಲೆ ಫೈಬರಿನ ಹೊಸ ಬೋರ್ಡು ಬಂತು, ಹಳೇದನ್ನ ಒಡದು ಒಲಿಗೆ ಹಾಕ್ರಿ ಅಂದ್ರು. ಹೊಳಿಯಪ್ಪ ನನ್ನ ಕಾಲು ಹಿಡದು ಬೇಡಿಕೊಂಡ. ತಗೊಂಡ ಹೋಗು, ಪೀಡಾ ಹೋತು ಅಂದೆ. ತಳ್ಳೋ ಗಾಡಿ ಮ್ಯಾಲೆ ಹಾಕ್ಕೊಂಡು ಮನಿಗೆ ಒಯ್ದ. ಇರೋದು ಒಂದು ಖೋಲಿ. ಬೋರ್ಡು ಗ್ವಾಡಿಗೆ ಆನಿಸಿದ್ರ ಮಲಗಾಕ ಒಬ್ಬರಿಗಷ್ಟೇ ಜಾಗ. ಫಕೀರಮ್ಮ ಒಳಗ ಮಲಗಿದ್ಲು, ಇಂವ ಕಟ್ಟಿ ಮ್ಯಾಲೆ.

ಆಮ್ಯಾಲೆ ಒಂದು ಟ್ರಂಕು ಬಂತು. ಗಂಗಾವತಿಯ ದೊಡ್ಡ ಪಂದ್ಯದಾಗ ಹರದ ನೆಟ್ಟು. ಕುಷ್ಟಗ್ಯಾಗ ಗೆದ್ದ ತಂಡದವರು ನಡು ಆಟದಾಗ ತಿಂದು ಒಗದ ಕಿತ್ತಳಿ ಸಿಪ್ಪಿ, ಒಣಗಿಸಿ ಇಟ್ಟದ್ದು. ಯಲಬುರ್ಗಾದಾಗ ಯಾರದೋ ಕೈಯಿಂದ ಬಿಚ್ಚಿದ ಬ್ಯಾಂಡೇಜಿನ ಪಟ್ಟಿ. ಮಂದಿ ಹೊಳಿ ದಂಡ್ಯಾಗ ಕಲ್ಲು ಆರಿಸಿದಂಗ ಇಂವ ಆಟ ಮುಗದ ಮೈದಾನದಾಗ ಬಗ್ಗಿ ಬಗ್ಗಿ ಆರಿಸ್ತಿದ್ದ. ಪ್ರತಿ ಸಾಮಾನಿಗೂ ಒಂದು ಚೀಟಿ ಬರದು, ಮಡಚಿ, ದಾರ ಸುತ್ತಿ ಕಟ್ಟತಿದ್ದ. ನಾಕನೇ ಇಯತ್ತೆ ತನಕ ಕಲತ ಅಕ್ಷರ. ಚೀಟಿ ಬಿಚ್ಚಿ ಓದಬೇಕು ಅಂತ ನಮಗ ಯಾರಿಗೂ ಅನಿಸಲಿಲ್ಲ. ನಗಾಕ ಟ್ರಂಕು ಒಂದ ಸಾಕಾಗಿತ್ತು.

ನಾವು ಅಂದ್ರ ಶಫೀಸಾಬನ ಚಾದಂಗಡ್ಯಾಗ ಕುಂದರೂ ನಾಕೈದು ಮಂದಿ. ಮೈದಾನದ ಎದರಿಗೆ ಅಂಗಡಿ. ಹೊಳಿಯಪ್ಪ ಅಲ್ಲಿಗೆ ಬಂದ್ರ ಹೊರಗ ಬೇವಿನ ಗಿಡದ ಕೆಳಗ ನಿಂತು ಚಾ ಕುಡದು ಹೋಗ್ತಿದ್ದ. ಒಳಗ ಬಾ ಅಂತ ಯಾರೂ ಅಂತಿದ್ದಿಲ್ಲ, ಅವನೂ ಬರ್ತಿದ್ದಿಲ್ಲ.

ಒಂದು ಸಲ ದಸರಾ ಹತ್ರ ಬಂದಿತ್ತು, ನನ್ನ ಮನಿಗೆ ಸುಣ್ಣ ಆಗಬೇಕಿತ್ತು. ಹೊಳಿಯಪ್ಪನ್ನ ಪುಗಸಟ್ಟೆ ದುಡಸೂದು ಹೆಂಗ ಅಂತ ವಿಚಾರ ಮಾಡಿದೆ. ಗುಜರ್ಯಾಗಿಂದ ಒಂದು ಜೋಡಿ ಹಳೇ ಬೂಟು ತಂದೆ. ಅವನನ್ನ ಅಂಗಡಿ ಒಳಗ ಕರದು, ಕುರ್ಚಿ ಮ್ಯಾಲೆ ಕುಂದರಿಸಿ, ‘ನೋಡಪ್ಪಾ, ತೊಂಬತ್ತೆಂಟರ ಫೈನಲಿನ್ಯಾಗ ಏಳನೇ ನಂಬರಿನಾಂವ ಹಾಕ್ಕೊಂಡಿದ್ದ ಬೂಟು. ಇಷ್ಟ ವರ್ಷ ನನ್ನ ಅಟ್ಟದ ಮ್ಯಾಲೆ ಇದ್ದು. ನಿನಗ ಕೊಡಬೇಕು ಅನಿಸ್ತು’ ಅಂದೆ.

ಅಂವ ಬೂಟು ಎರಡೂ ಕೈಯಾಗ ಹಿಡಕೊಂಡ. ‘ಏಳನೇ ನಂಬರಿಂದೇನ್ರಿ ಸರ್ರ?’

‘ಹೂಂ, ಅವನದ.’

ಸ್ವಲ್ಪ ಹೊತ್ತು ಬೂಟು ನೋಡಿದ, ಸ್ವಲ್ಪ ಹೊತ್ತು ನನ್ನ ಮಾರಿ ನೋಡಿದ. ‘ಆತ್ರಿ’ ಅಂದು ಕಣ್ಣಿಗೆ ಒತ್ತಿಕೊಂಡ. ಮುಂದ ಮೂರು ದಿನ ನನ್ನ ಮನಿಗೆ ಸುಣ್ಣ ಹಚ್ಚಿದ, ಮಾಡದ ಮ್ಯಾಲಿನ ಜ್ಯಾಡರ ಬಲಿ ಸಮೇತ ತಗದ. ನಾನು ಕೂಲಿ ಮಾತು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಂಗಡ್ಯಾಗ ಹೊಟ್ಟಿ ಹಿಡಕೊಂಡು ನಕ್ಕಿವಿ.

ರುಚಿ ಹತ್ತಿದ ಮ್ಯಾಲೆ ಬಿಡತೈತೇನು? ಶಫೀಸಾಬ ತನ್ನ ಮಗನ ಹಳೇ ಬನಿಯನ್ ಆಟಗಾರಂದು ಅಂತ ಕೊಟ್ಟು ನೀರಿನ ಟಾಕಿಗೆ ತೆಗ್ಗು ತೋಡಿಸಿಕೊಂಡ. ನಾನು ಜಾತ್ರ್ಯಾಗ ಮಾರೂ ಸೀಟಿ ರೆಫ್ರೀದು ಅಂತ ಕೊಟ್ಟು ಹಿತ್ತಲದ ಗ್ವಾಡಿ ಕಟ್ಟಿಸಿಕೊಂಡೆ. ಹತ್ತು ಹನ್ನೆರಡು ವರ್ಷ ನಡೀತು ಈ ಆಟ. ಸಾಮಾನು ಕೊಡೂ ದಿನ ಮಾತ್ರ ಅವನಿಗೆ ಕುರ್ಚಿ, ಗಾಜಿನ ಲೋಟದಾಗ ಚಾ. ಮರುದಿನ ಮತ್ತ ಬೇವಿನ ಗಿಡ.

ಇಪ್ಪತ್ತೆರಡನೇ ಇಸ್ವಿಗೆ ಜಿಲ್ಲಾ ಆಗಿ ಇಪ್ಪತ್ತೈದು ವರ್ಷ ತುಂಬೂದಿತ್ತು. ಮೈದಾನದ ಕಟ್ಟಡದಾಗ ಒಂದು ಖೋಲಿ ತಗದು, ಜಿಲ್ಲಾದ ಆಟೋಟದ ನೆನಪಿನ ಸಾಮಾನು ಇಡಬೇಕು ಅಂತ ಕ್ರೀಡಾ ಇಲಾಖೆಗೆ ಹೊಸದಾಗಿ ಬಂದ ಸಾಹೇಬ್ರಿಗೆ ಮನಸ್ಸಾತು. ಯಾರೋ ಹೊಳಿಯಪ್ಪನ ಹೆಸರು ಹೇಳಿದ್ರು. ಸಾಹೇಬ್ರನ್ನ ಅವನ ಮನಿಗೆ ಕರಕೊಂಡು ಹೋದಾಂವ ನಾನು. ಮಜಾ ನೋಡೂಣ ಅಂತ ಹೋಗಿದ್ದೆ. ಸಾಹೇಬ್ರು ಬೋರ್ಡಿನ ಮುಂದ ಹೋಗಿ ನಿಂತ್ರು. ಆ ಕೆಂಪು ಗುರ್ತಿನ ಮ್ಯಾಲೆ ಕೈ ಇಟ್ಟು, ‘ಇದೊಂದ ಸಾಕು ನೋಡ್ರಿ. ಬಾಗಲದಾಗ ಬರೂ ಮಂದಿಗೆ ಎದರಿಗೆ ಇದ ಕಾಣಬೇಕು. ಕೆಳಗ ಹಿತ್ತಾಳಿ ಪಟ್ಟಿ ಹೊಡಸೂಣ. ಕಾಪಾಡಿದವರು ಹೊಳಿಯಪ್ಪ ಅಂತ’ ಅಂದ್ರು.

‘ನನ್ನ ಹೆಸರೇನ್ರಿ?’ ಅಂದ ಹೊಳಿಯಪ್ಪ. ಸಾಹೇಬ್ರು ಹೌದಂದ್ರು. ಮತ್ತ ಕೇಳಿದ. ಮೂರನೇ ಸಲ ಕೇಳಿದಾಗ ಸಾಹೇಬ್ರು ನಕ್ಕು ಅವನ ಬೆನ್ನು ತಟ್ಟಿದ್ರು. ಅಂವ ಕೈ ಹಿಂದ ಕಟ್ಟಿಕೊಂಡ ನಿಂತಿದ್ದ. ಅವನ ಹೆಸರು ರೇಷನ್ ಕಾರ್ಡು ಬಿಟ್ರ ಎಲ್ಲೂ ಬರದಿದ್ದಿಲ್ಲ. ಅವತ್ತ ಸಂಜಿಕ ಫಕೀರಮ್ಮ ಓಣ್ಯಾಗ ಮನಿಮನಿಗೆ ಸಕ್ರಿ ಹಂಚಿದ್ಲು.

ನನಗ ಸಕ್ರಿ ಬಾಯಾಗ ಕಹಿ ಆತು. ತಂಡ ಕಟ್ಟಿದಾಂವ ನಾನು. ಬೇವೂರಿಗೆ ಸೈಕಲ್ ಹೊಡಕೊಂಡು ಹೋಗಿ ಆ ಹುಡುಗನ ಅಪ್ಪನ ಕಾಲು ಬಿದ್ದು ಕರಕೊಂಡು ಬಂದಾಂವ ನಾನು. ‘ನಂದೂ ಹೆಸರು ಬರತೈತೇನ್ರಿ?’ ಅಂತ ಸಾಹೇಬ್ರನ್ನ ಕೇಳಿದ್ರ, ‘ತರಬೇತಿದಾರರ ಯಾದಿ ಒಂದು ಮಾಡೂಣ, ನೋಡೂಣ’ ಅಂದ್ರು. ಹಿತ್ತಾಳಿ ಪಟ್ಟಿ ಸುಣ್ಣ ಹಚ್ಚಾಂವಗ, ನನಗ ಯಾದಿ. ಹೊಟ್ಟಿಕಿಚ್ಚು ಅಂತೀರೇನು? ಅನ್ರಿ. ನಾ ಇಲ್ಲ ಅನ್ನಂಗಿಲ್ಲ.

ಬೋರ್ಡು ಒಯ್ಯಾಕ ಗಾಡಿ ಬರೂದು ಹೋಳಿ ಹುಣ್ಣಿಮಿ ಮುಗದ ಮೂರನೇ ದಿನ ಅಂತ ಆತು. ಹುಣ್ಣಿಮಿ ದಿನ ಮುಂಜಾನೆ ಹೊಳಿಯಪ್ಪ ಬೋರ್ಡು ಹೊರಗ ತಂದು, ಕೆಂಪು ಗುರ್ತು ಬಿಟ್ಟು ಉಳದದ್ದಕ್ಕೆಲ್ಲಾ ಕುಸುಬಿ ಎಣ್ಣಿ ತಿಕ್ಕಿ, ಬಿಸಲಿಗೆ ಇಟ್ಟಿದ್ದ. ನಮ್ಮ ಕಡೆ ಹೋಳ್ಯಾಗ ಕಟಿಗಿ ಹೊರಗ ಇಡೂದಂದ್ರ ಕಳ್ಳನ ಕೈಯಾಗ ಕೀಲಿ ಕೊಟ್ಟಂಗ. ಕಾಮಣ್ಣನ್ನ ಸುಡಾಕ ಓಣಿ ಹುಡುಗರು ಕುಳ್ಳು, ಕಟಿಗಿ, ಮುರದ ಹೊರಸು, ಸಿಕ್ಕದ್ದೆಲ್ಲಾ ಕದ್ದು ಒಯ್ತಾರ. ಅದು ಕಳವು ಅಲ್ಲ, ಪದ್ಧತಿ. ಕಾಮಣ್ಣನ ಒಟ್ಟಲಿಗೆ ಬಿದ್ದದ್ದನ್ನ ಯಾರೂ ಹೊಳ್ಳಿ ಕೇಳಂಗಿಲ್ಲ, ಮುಟ್ಟಂಗಿಲ್ಲ. ಇದು ಹೊಳಿಯಪ್ಪಗ ಗೊತ್ತಿಲ್ಲಂತಲ್ಲ. ಅದಕ್ಕ ಬೋರ್ಡಿಗೆ ಈಬತ್ತಿ ಬಳದು, ಕುಂಕುಮ ಇಟ್ಟು, ಮಾವಿನ ತೊಪ್ಪಲ ಕಟ್ಟಿದ್ದ. ಪೂಜಿ ಮಾಡಿದ ಕಟಿಗಿಗೆ ಹುಡುಗರು ಕೈ ಹಚ್ಚಂಗಿಲ್ಲ ಅಂತ ಅವನ ಲೆಕ್ಕ. ಮ್ಯಾಲೆ ತಾನೂ ಪಕ್ಕಕ್ಕ ಕುಂತಿದ್ದ.

ಫಕೀರಮ್ಮ ಹುಣ್ಣಿಮಿ ಅಂತ ಹುಲಿಗೆಮ್ಮನ ಗುಡಿಗೆ ಹೋಗಿದ್ಲು. ನಾನು ಹೋಗಿ, ‘ಹೊಳಿಯಪ್ಪ, ನಾಳೆ ಸಾಲ್ಯಾಗ ಆಟ ಐತಿ, ಎರಡು ಗೆರಿ ಹಾಕಿ ಬಾ’ ಅಂದೆ. ಆಟ ಇದ್ದಿಲ್ಲ. ಅಂವ ಬೋರ್ಡು ನೋಡಿದ. ‘ಎಣ್ಣಿ ಹಸಿ ಐತ್ರಿ ಸರ್ರ, ಈಗ ಒಳಗ ಎಳದ್ರ ಗುರ್ತಿಗೆ ಹತ್ತತೈತಿ.’

‘ನಾ ಇಲ್ಲೇ ಇರ್ತೀನಿ, ಹೋಗೋ’ ಅಂದೆ.

ಹಗ್ಗ, ಬಕೆಟ್ಟು ತಗೊಂಡು ಹೋದ. ನಾ ಓಣಿ ಮೂಲಿಗೆ ಹೋಗಿ ಹುಡುಗರಿಗೆ ಹೇಳಿದೆ, ‘ಹೊಳಿಯಪ್ಪನ ಮನಿ ಮುಂದ ಸಾಗವಾನಿ ಬಿದ್ದೈತಿ. ಎಣ್ಣಿ ಕುಡದೈತಿ, ಛಲೋ ಹತ್ತತೈತಿ.’ ಒಬ್ಬಾಂವ, ‘ಪೂಜಿ ಮಾಡ್ಯಾನಲ್ರಿ’ ಅಂದ. ‘ಪೂಜಿ ಆದದ್ದು ಕಾಮಣ್ಣಗ ಮೊದಲು’ ಅಂದೆ. ಅಷ್ಟ. ನಾನು ಕೈ ಹಚ್ಚಲಿಲ್ಲ.

ದೀಪ ಹಚ್ಚೂ ಹೊತ್ತಿಗೆ ಹೊಳಿಯಪ್ಪ ನನ್ನ ಬಾಗಲಿಗೆ ಬಂದ. ‘ಸರ್ರ, ಬೋರ್ಡು?’ ಅಂದ. ನಾ ಊಟಕ್ಕ ಹೋಗಿದ್ದೆ, ಅಷ್ಟರಾಗ ಹಿಂಗಾಗೇತಿ, ಮುಂಜಾನೆ ನೋಡೂಣ ಅಂದು ಕದ ಹಾಕ್ಕೊಂಡೆ.

ನಮ್ಮ ಓಣ್ಯಾಗ ಕಾಮಣ್ಣನ್ನ ಸುಡೂದು ಬೆಳ್ಳಂಬೆಳಗ. ಮಂದಿ ಎಲ್ಲಾ ಕೂಡಿತ್ತು. ಒಟ್ಟಲಿನ ನಡುವ ಬೋರ್ಡು ನಿಂತಿತ್ತು, ಕೆಂಪು ಗುರ್ತು ಮ್ಯಾಲೆ ಮಾಡಿ. ಹೊಳಿಯಪ್ಪ ಒಟ್ಟಲಿನಿಂದ ಒಂದು ಮಾರು ದೂರ ನಿಂತಿದ್ದ. ಪದ್ಧತಿ ಮುರಿಯಾಂವ ಅಲ್ಲ ಅಂವ. ಗೆರಿ ಹಾಕಾಂವ ನೋಡ್ರಿ, ಗೆರಿ ದಾಟತಿದ್ದಿಲ್ಲ. ನನ್ನ ಕಡೆ ಬಂದು, ‘ಸರ್ರ, ನೀವು ಹಿರೇರು. ನೀವು ಒಂದು ಮಾತು ಅಂದ್ರ ಹುಡುಗರು ಕೇಳ್ತಾವ್ರಿ’ ಅಂದ.

ಖರೇ. ಕೇಳ್ತಿದ್ರು. ಒಂದು ಮಾತು ಸಾಕಾಗಿತ್ತು.

‘ಕಾಮಣ್ಣನ ಕಟಿಗಿಗೆ ಕೈ ಹಚ್ಚಿದ್ರ ಓಣಿಗೆ ಕೇಡು, ಹೊಳಿಯಪ್ಪ’ ಅಂದೆ.

ಬೆಂಕಿ ಹಚ್ಚಿದ್ರು. ಕುಸುಬಿ ಎಣ್ಣಿ ಕುಡದ ಸಾಗವಾನಿ ಒಮ್ಮೆಲೇ ಹತ್ತಿತು, ವಾರ್ನಿಷ್ ಗುಳ್ಳಿ ಗುಳ್ಳಿ ಎದ್ದು ಕೆಂಪು ಗುರ್ತು ಕರ್ರಗಾತು. ಕಾಮಣ್ಣ ಸುಡೂ ಮುಂದ ಎಲ್ಲಾರೂ ಲಬೋ ಲಬೋ ಅಂತ ಬಾಯಿ ಬಡಕೋಬೇಕು, ಸತ್ತವರ ಮನ್ಯಾಗ ಹೊಯ್ಕೊಂಡಂಗ. ಸಣ್ಣವರು ದೊಡ್ಡವರು ನಕ್ಕೋತ ಬಡಕೊಂಡ್ವಿ. ಹೊಳಿಯಪ್ಪನೂ ಬಡಕೊಂಡ. ಅವನ ಕಣ್ಣಾಗ ನೀರು ಇಳೀತಿತ್ತು, ಬಾಯಿಂದ ಬರೂ ದನಿ ಬ್ಯಾರೆ ಇತ್ತು. ಆ ಗದ್ದಲದಾಗ ಯಾರಿಗೂ ತಿಳೀಲಿಲ್ಲ. ‘ಹೊಳಿಯಪ್ಪ ಈ ಸಲ ಭಾರಿ ಹೊಯ್ಕೊಂಡನಲ್ಲೋ’ ಅಂತ ಒಬ್ಬಾಂವ ನಕ್ಕ. ಬೆಂಕಿ ಇಳದ ಮ್ಯಾಲೆ ಫಕೀರಮ್ಮ ಒಡದ ಗಡಿಗಿ ಚೂರಿನ್ಯಾಗ ಒಲಿಗೆ ಕೆಂಡ ತಗೊಂಡ್ಲು, ಎಲ್ಲಾ ಮನಿ ಹೆಣ್ಮಕ್ಕಳು ತಗೊಂಡಂಗ. ಆಕಿ ನನ್ನ ಕಡೆ ನೋಡಲಿಲ್ಲ.

ಸಾಹೇಬ್ರಿಗೆ ಸುದ್ದಿ ಹೇಳಿದಾಗ ಭಾಳ ನೊಂದುಕೊಂಡ್ರು. ಆದ್ರ ಖೋಲಿ ಖಾಲಿ ಇಡಾಕ ಬರ್ತಿದ್ದಿಲ್ಲ. ‘ಟ್ರಂಕಾದ್ರೂ ಇರಲಿ. ಆ ಏಳನೇ ನಂಬರಿನ ಬೂಟು ಗಾಜಿನ ಪೆಟಿಗ್ಯಾಗ ಇಡೂಣ. ಮಾಸ್ತರ್ರ, ನಿಮ್ಮ ಅಕ್ಷರ ಛಲೋ ಅದಾವ, ಒಂದೊಂದಕ್ಕೂ ದೊಡ್ಡ ಚೀಟಿ ಬರೀರಿ’ ಅಂದ್ರು. ಬೂಟಿನ ಸುದ್ದಿ ಅವರಿಗೆ ಮೊದಲ ಹೇಳಿದಾಂವ ನಾನ. ಹೊಳಿಯಪ್ಪ ಟ್ರಂಕು ತಲಿ ಮ್ಯಾಲೆ ಹೊತ್ತು ತಂದು ನನ್ನ ಪಡಸಾಲ್ಯಾಗ ಇಟ್ಟ. ‘ಚೀಟಿ ಎಲ್ಲಾ ಅದಾವ್ರಿ, ಅದನ್ನ ನೋಡಿ ಬರೀರಿ’ ಅಂದು ಹೋದ.

ದಾರ ಬಿಚ್ಚಿ ಮೊದಲು ಬೂಟಿನ ಚೀಟಿ ಓದಿದೆ.

‘ಬೂಟು. ಗೋವಿಂದರಾಜ ಸರ್ ಕೊಟ್ಟದ್ದು. ಏಳನೇ ನಂಬರಿಂದು ಅಂದರು. ಅವತ್ತು ಏಳನೇ ನಂಬರು ಬರಿಗಾಲಲ್ಲಿ ಆಡಿದ. ಸಿಮೆಂಟಿಗೆ ಕಾಲು ಬೊಬ್ಬಿ ಎದ್ದಿದ್ದವು, ನಾನೇ ನೀರು ಹಾಕಿದೆ. ಇದು ಸುಳ್ಳು ಬೂಟು. ಸರ್ ಮನಿಗೆ ಮೂರು ದಿನ ಸುಣ್ಣ ಹಚ್ಚಿದೆ. ಅಂಗಡಿಯಲ್ಲಿ ಕುರ್ಚಿ ಕೊಟ್ಟರು.’

ನಾನ ತಯಾರು ಮಾಡಿದ ಹುಡುಗ. ಅವನ ಕಾಲಾಗ ಬೂಟು ಇದ್ದಿಲ್ಲ ಅನ್ನೋದು ನನಗ ನೆನಪಿದ್ದಿಲ್ಲ. ಹೊಳಿಯಪ್ಪಗ ನೆನಪಿತ್ತು.

ಉಳದ ಚೀಟಿನೂ ಓದಿದೆ. ‘ಸೀಟಿ. ಸುಳ್ಳು. ಸರ್ ಮನಿ ಹಿತ್ತಲ ಗ್ವಾಡಿ. ಕುರ್ಚಿ ಕೊಟ್ಟರು.’ ‘ಬನಿಯನ್. ಸುಳ್ಳು. ಶಫೀಸಾಬರ ಟಾಕಿ ತೆಗ್ಗು. ಕುರ್ಚಿ ಕೊಟ್ಟರು, ಬಿಸ್ಕೀಟೂ ಕೊಟ್ಟರು.’ ನೆಟ್ಟು, ಸಿಪ್ಪಿ, ಪಟ್ಟಿ, ಅಂವ ತಾನ ಆರಿಸಿ ತಂದದ್ದಕ್ಕೆಲ್ಲಾ ‘ಖರೇ’ ಅಂತ ಬರದಿದ್ದ. ಟ್ರಂಕಿನ ತಳದಾಗ ಪೇಪರಿನ್ಯಾಗ ಸುತ್ತಿದ ಒಂದು ಇದ್ದಲಿ ಇತ್ತು. ಅದಕ್ಕೂ ಚೀಟಿ.

‘ಬೋರ್ಡು. 1998, 52–50. ಸರ್ ಹೇಳಿದ್ದಕ್ಕೆ ಒಯ್ದೆವು ಅಂತ ಹುಡುಗರು ಹೇಳಿದರು. ಇದು ಖರೇ.’

ಸಾಹೇಬ್ರು ಓದಲಿ ಅಂತ ಇಟ್ಟಿದ್ದನೋ, ನಾನ ಓದಲಿ ಅಂತ ಇಟ್ಟಿದ್ದನೋ, ನನಗ ಇನ್ನೂ ಬಗೀಹರಿದಿಲ್ಲ. ಅವತ್ತ ಅದನ್ನ ವಿಚಾರ ಮಾಡಾಕ ಪುರಸತ್ತು ಇದ್ದಿಲ್ಲ. ಚೀಟಿಗೋಳನ್ನ ಬಚ್ಚಲ ಒಲಿಗೆ ಹಾಕಿದೆ. ಹೊಸಾ ಚೀಟಿ ಬರದೆ, ದುಂಡನೆ ಅಕ್ಷರದಾಗ. ‘ಚಾರಿತ್ರಿಕ ಪಂದ್ಯದಲ್ಲಿ ಏಳನೇ ನಂಬರಿನ ಆಟಗಾರ ಧರಿಸಿದ್ದ ಬೂಟುಗಳು. ಕೊಟ್ಟವರು: ಹೊಳಿಯಪ್ಪ.’ ಪ್ರವೀಣಕುಮಾರ ಪೊಲೀಸ್ ನೌಕರಿ ಮ್ಯಾಲೆ ದೂರ ಇದ್ದ, ಬರಂಗಿಲ್ಲ ಅಂತ ತಿಳದಿದ್ದೆ.

ಬಂದ. ಖೋಲಿ ಉದ್ಘಾಟನೆ ದಿನ ಸಾಹೇಬ್ರ ಜೋಡಿ ಅವನ ಮೊದಲು ಒಳಗ ಬಂದ. ಹೊಟ್ಟಿ ಬಂದಿತ್ತು, ಮೀಸಿ ಬೆಳ್ಳಗಾಗಿದ್ವು. ಗಾಜಿನ ಪೆಟಿಗಿ ಮುಂದ ನಿಂತು ಚೀಟಿ ಓದಿ ಜೋರಾಗಿ ನಕ್ಕ. ‘ಅಲ್ರಿ ಸರ್ರ, ನನಗ ಆವಾಗ ಬೂಟು ಎಲ್ಲಿದ್ವರಿ? ಬರಿಗಾಲಾಗ ಆಡಿ ಹದಿನೈದು ದಿನ ಕುಂಟಿದ್ನೆಲ್ರಿ.’ ಅವನ ಮನಸಿನ್ಯಾಗ ಕೆಟ್ಟದ್ದಿದ್ದಿಲ್ಲ. ಆದ್ರ ಪೇಪರಿನವರಿದ್ರು, ಊರ ಹಿರೇರಿದ್ರು. ಮಂದಿ ನಗಾಕ ಹತ್ತಿತು. ಸಾಹೇಬ್ರ ಮಾರಿ ಕೆಂಪಾತು. ‘ಯಾರು ಇದನ್ನ ಕೊಟ್ಟೋರು?’ ಅಂದ್ರು. ಯಾರೋ ಚೀಟಿ ಗಟ್ಟಿಯಾಗಿ ಓದಿದ್ರು. ಕೊಟ್ಟವರು, ಹೊಳಿಯಪ್ಪ.

ಅವನ ಹೆಸರನ್ನ ನಾಕು ಮಂದ್ಯಾಗ ಓದಿದ್ದು ಅದ ಮೊದಲು.

ಅಂವ ಬಾಗಲ ಹತ್ರ ಹೊಸಾ ಅಂಗಿ ಹಾಕ್ಕೊಂಡು ನಿಂತಿದ್ದ, ಹಿಂದ ಫಕೀರಮ್ಮ. ‘ಸಾಹೇಬ್ರ, ಅದು ಸುಳ್ಳು ಬೂಟ್ರಿ. ಸುಳ್ಳು ಅಂತ ನಾನ ಚೀಟಿಯೊಳಗ ಬರದೀನ್ರಿ’ ಅಂದ. ಮಂದಿ ಇನ್ನಷ್ಟು ನಕ್ಕಿತು. ಅಂವ ನನ್ನ ಕಡೆ ತಿರಗಿದ. ಮೊದಲನೇ ಸಲ ಹಿಂದಿನ ಕೈ ಮುಂದ ಬಂತು.

‘ಸರ್ರ, ಚೀಟಿ?’

ಎಲ್ಲಾರೂ ನನ್ನ ನೋಡಾಕ ಹತ್ತಿದ್ರು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಾಂವ ದಡ್ಡ. ನಾ ಹೆಗಲು ಮುಟ್ಟಿಕೊಳ್ಳಲಿಲ್ಲ.

‘ಯಾವ ಚೀಟಿ, ಹೊಳಿಯಪ್ಪ?’ ಅಂದೆ.

ಅಂವ ಕೈ ಮತ್ತ ಹಿಂದ ಕಟ್ಟಿಕೊಂಡ. ಸಾಹೇಬ್ರು ಟ್ರಂಕು ಹೊರಗ ಇಡಸಿದ್ರು. ಖರೇ ನೆಟ್ಟು, ಖರೇ ಸಿಪ್ಪಿ, ಎಲ್ಲಾ ಸುಳ್ಳಿನ ಜೋಡಿ ಹೊರಗ ಬಂದ್ವು. ಗಂಡ ಹೆಂಡತಿ ಎರಡು ಕಡೆ ಹಿಡಕೊಂಡು ಒಯ್ದ್ರು. ಈಗ ಊರಾಗ ಅವನಿಗೆ ಸುಣ್ಣದ ಹೊಳಿಯಪ್ಪ ಅನ್ನಂಗಿಲ್ಲ, ಸುಳ್ಳ ಹೊಳಿಯಪ್ಪ ಅಂತಾರ. ಅಂವ ಇನ್ನೂ ಮೈದಾನಕ್ಕ ಬರ್ತಾನ, ಗೆರಿ ಹಾಕ್ತಾನ, ಒಂದು ಬೆರಳು ಆಕಡೆ ಇಲ್ಲ, ಈಕಡೆ ಇಲ್ಲ. ಆಟ ಮುಗದ ಮ್ಯಾಲೆ ಬಗ್ಗಿ ಏನೂ ಆರಿಸಂಗಿಲ್ಲ. ಶಫೀಸಾಬನ ಅಂಗಡಿ ಕಡೆ ಬರಂಗಿಲ್ಲ. ನಾ ಎದರಿಗೆ ಸಿಕ್ಕರ ‘ನಮಸ್ಕಾರ್ರಿ ಸರ್ರ’ ಅಂತಾನ, ಮೊದಲಿನಂಗನ.

ಚೀಟಿ ಎಲ್ಲಾ ಸುಟ್ಟೆ ಅಂದ್ನೆಲ್ಲಾ, ಒಂದು ಸುಟ್ಟಿಲ್ಲ. ಆ ಇದ್ದಲಿ, ಅದರ ಚೀಟಿ, ನನ್ನ ತಿಜೋರ್ಯಾಗ ಅದಾವ. ಎರಡು ಸಲ ಒಲಿ ಮುಂದ ಒಯ್ದು ಹೊಳ್ಳಿ ತಂದು ಇಟ್ಟೀನಿ. ನನ್ನ ಹೆಂಡತಿ ಒಮ್ಮೆ ಕಸ ಅಂತ ಒಗಿಯಾಕ ಹೋಗಿದ್ಲು, ಬೈದೆ. ‘ಏನದು?’ ಅಂದ್ಲು. ತೊಂಬತ್ತೆಂಟರ ಫೈನಲಿಂದು ಅಂದೆ. ಆಕಿ ನಕ್ಕಳು, ನಿಮಗೂ ಹೊಳಿಯಪ್ಪನ ಹುಚ್ಚು ಹತ್ತಿತು ಅಂದ್ಲು. ನಾ ದಾರ ಸುತ್ತಿ ಮತ್ತ ಒಳಗ ಇಟ್ಟೆ.